ಮುದಿ ಮೀನಿನ ಬಸಿರು

ಒಂದು ಊರು, ಆ ಊರಿಗೊಬ್ಬ ಶ್ರೀಮಂತ. ತನ್ನ ಕೆರೆಯಲ್ಲಿ ಮೀನು ಮುಗಿದಿದೆ ಎಂದು ಅವನಿಗೆ ಗೊತ್ತಾದದ್ದು ಮಗನ ಬೀಗರೂಟದ ಬೆಳಿಗ್ಗೆ. ನೋಡಿ, ದೇವರು ಬುದ್ಧಿ ಕಲಿಸಲು ಎಂಥ ಹೊತ್ತು ಹುಡುಕುತ್ತಾನೆ! ಮಸಾಲೆ ಅರೆದಾಗಿದೆ, ಬೀಗರು ಮೀಸೆ ತೀಡುತ್ತ ಕೂತಾಗಿದೆ, ಬಲೆಗೆ ಬಂದದ್ದು ಒಂದೇ ಒಂದು ಮುದಿ ಮೀನು.

ಇವನೇನು ಕೆಟ್ಟವನಲ್ಲ. ದಯಾವಂತ. ತೊಂದರೆ ಬಂದದ್ದೇ ಅಲ್ಲಿ. ಮರಿಮೀನು ಹಿಡಿಯುವುದು ಪಾಪವೆಂದು ಅಗಲ ಕಣ್ಣಿನ ಬಲೆ ಹೆಣೆಸಿದ್ದ. ಸಣ್ಣವೆಲ್ಲ ನುಸುಳಿ ಹೋಗಬೇಕು, ದೊಡ್ಡವು ಮಾತ್ರ ಸಿಗಬೇಕು. "ಅವು ಬಾಳಿ ಬದುಕಿದವು, ಸಾಕು" ಎನ್ನುತ್ತಿದ್ದ. ಹೀಗೆ ವರ್ಷವರ್ಷವೂ ಕೆರೆಯ ಅಜ್ಜಿಯರೆಲ್ಲ ಅವನ ಎಲೆಗೆ ಬಂದರು. ಮರಿಗಳ ಮೇಲೆ ದಯೆ, ಅಜ್ಜಿಯರ ಮೇಲೆ ನಿಂಬೆಹುಳಿ. ಎಂಥ ರುಚಿಯಾದ ಧರ್ಮ, ಅಲ್ಲವೇ?

"ಹೊಟ್ಟೆ ತುಂಬ ತತ್ತಿ ಐತೆ ಬುದ್ಧೀ," ಎಂದ ಬಲೆ ಎಳೆದವನು.

ಶ್ರೀಮಂತನ ಹೆಂಡತಿ ಕೆರೆ ಏರಿಯ ಮೇಲಿಂದ ಕೂಗಿದಳು: "ಬುಡ್ರೀ ಅದನ್ನ."

"ಬುಟ್ಟು, ಬೀಗರ ಎಲೆಗೆ ನನ್ನ ತಲೆ ಬಡಿಸ್ತೀಯೇನೆ?"

"ಅದ್ರಲ್ಲೇನೈತೆ ಬಡಿಸೋಕೆ?"

"ಅಷ್ಟೊಂದು ಮರಿ ಬುಟ್ಟಿದ್ನಲ್ಲೇ, ಎಲ್ಲೋದ್ವು?"

"ಇಷ್ಟು ವರ್ಸ ಮೀನು ಕುಯ್ದೋಳು ನಾನು. ಚೊಚ್ಚಲಿನ ತತ್ತಿ ಗಸಗಸೆಯಂಗೆ, ಮುದಿಯಾದೋಳ್ದು ರಾಗಿಯಂಗೆ. ನೀವು ಅಜ್ಜೀರ್ನೆಲ್ಲ ತಿಂದು ಮೊಮ್ಮಕ್ಕಳ ಕೈಲಿ ಸಂಸಾರ ಮಾಡ್ಸಿದ್ರಿ!"

ನಿಜ ನೋಡಿ. ಮುದಿ ತಾಯಿಯ ದೊಡ್ಡ ತತ್ತಿಯಿಂದ ಬಂದ ಮರಿ ಹೊಟ್ಟೆಗೆ ಬುತ್ತಿ ಕಟ್ಟಿಕೊಂಡೇ ಹುಟ್ಟುತ್ತದೆ. ತಾನಾಗಿ ಮೇವು ಹುಡುಕುವವರೆಗೆ ಹಸಿವು ತಡೆಯುತ್ತದೆ. ಎಳೆಯ ತಾಯಿಯ ಮರಿಗೆ ಆ ಬುತ್ತಿ ಚಿಕ್ಕದು, ಹಸಿವು ಬೇಗ, ಸಾವೂ ಬೇಗ. ಬಸಿರೆಲ್ಲ ಒಂದೇ ಎಂದುಕೊಂಡಿದ್ದ ನಮ್ಮ ದಯಾವಂತ.

ಅಷ್ಟರಲ್ಲಿ ಬೀಗರು ಏರಿಗೇ ಬಂದರು. "ಏನ್ ಬೀಗರೇ, ಮೀನಿಗೆ ಸ್ನಾನ ಮಾಡಿಸ್ತಾ ಇದ್ದೀರಾ? ಸೀಗೆಪುಡಿ ತರಲಾ?"

ಶ್ರೀಮಂತನ ಕಿವಿ ಕೆಂಪಾಯಿತು. ಬಲೆಯಿಂದ ಎತ್ತಿಕೊಂಡ ಮೀನು ಅವನ ತೋಳಿನಲ್ಲಿ ಬಾಯಿ ಬಿಡುತ್ತಿತ್ತು. ಮಾನವೋ, ಕೆರೆಯೋ? ಪಂಚೆ ಎತ್ತಿ ಕಟ್ಟದೆ ಮೊಣಕಾಲುದ್ದ ನೀರಿಗಿಳಿದು ಅದನ್ನು ಬಿಟ್ಟ. "ಇವತ್ತು ಮಸ್ಸೊಪ್ಪಿನ ಸಾರು, ಬೀಗರೇ. ಬೈಕೊಂಡೇ ಉಣ್ಣಿ" ಎಂದ. ಅವರು ಬೈದುಕೊಂಡೇ ಉಂಡರು.

ಒಂದು ಮೀನು ಬಿಟ್ಟ ಮಾತ್ರಕ್ಕೆ ಕೆರೆ ತುಂಬಿತೇ? ಎಲ್ಲಿ ತುಂಬೀತು! ಮರಿ ಬೆಳೆದು ಮುದಿಯಾಗಲು ವರ್ಷಗಳೇ ಬೇಕು. ಅಲ್ಲಿಯವರೆಗೆ ಅವನು ಸೊಪ್ಪು ತಿಂದ.

ನಗುತ್ತಿದ್ದೀರಿ, ನಗಿ. ಸಂತೆಯಲ್ಲಿ "ಇದ್ದುದರಲ್ಲಿ ದೊಡ್ಡದು ಕೊಡಪ್ಪ, ತತ್ತಿ ಇರಲಿ" ಎಂದು ಕೈಚೀಲ ಒಡ್ಡುವವರು ಯಾರು? ಮುಂದಿನ ಸಂತೆಗೆ ನಡುಗಾತ್ರದ್ದು ಕೇಳಿ. ಬಲೆ ಹಾಕುವವರೇ, ಮರಿಯನ್ನು ಬಿಡುವ ಕೈಯಿಂದಲೇ ಮುದಿಯನ್ನೂ ಬಿಡಿ. ನೆಂಟರ ಮುಂದೆ ಮಾನ ಹೋದರೆ ಸಾರಿನ ಜೊತೆ ನುಂಗಿ.

ಈಗ ಕೈ ಮುಗಿಯಿರಿ. ಸ್ವಾಮೀ, ನಮ್ಮ ಹೊಟ್ಟೆ ಸೇರಿದ ಆ ಮುದಿ ತಾಯಂದಿರಿಗೆ, ಹುಟ್ಟದೆ ಹೋದ ಅವರ ಮಕ್ಕಳಿಗೆ, ನಿನ್ನ ಪಾದದ ಬಳಿ ಬಲೆ ಬೀಳದ ನೀರು ಕೊಡು. ಶಾಂತಿ ಕೊಡು.