ಮೌಸಿನ ಕೆಳಗಿದ್ದ ಕೈಗಡಿಯಾರ

ನನ್ನ ಹೆಸರು ಸ್ನೇಹಲತಾ, ತಂದೆ ಮಾಣಿಕಪ್ಪ, ವಯಸ್ಸು 24, ವಿದ್ಯೆ ಎಂ.ಎ., ಉದ್ಯೋಗ ಕನ್ನಡ ಅನುವಾದ, ಸ್ವಂತ ಊರು ಹುಮನಾಬಾದ್, ಹಾಲಿ ವಾಸ ಹೈದರಾಬಾದಿನ ನಾರಾಯಣಗೂಡದ ಮಹಿಳಾ ಹಾಸ್ಟೆಲ್. ತೆಲುಗು ಬರೆಯಲು ಬಾರದ್ದರಿಂದ ಕನ್ನಡದಲ್ಲೇ ಬರೆದು ಪೊಲೀಸರಿಗೆ ಈ ಮೂಲಕ ತಿಳಿಸುವುದೇನೆಂದರೆ:

ಬೇಗಂಪೇಟೆಯ ನಮ್ಮ ಕಚೇರಿಯಲ್ಲಿ ವಿಮೆ ಪತ್ರಗಳನ್ನು ಕನ್ನಡಕ್ಕೆ ತರುವವರು ಭಾಲ್ಕಿಯ ವೈಜನಾಥ (56) ಮತ್ತು ನಾನು, ಇಬ್ಬರೇ. ನಡುವೆ ಒಂದು ಹಲಗೆ. ಮೌಸು, ಕೀಬೋರ್ಡು ನಾಲ್ಕು ನಿಮಿಷ ಅಲ್ಲಾಡದಿದ್ದರೆ ಪರದೆಯಲ್ಲಿ ನಮ್ಮ ಹೆಸರಿನ ಮುಂದಿನ ಹಸಿರು ಚುಕ್ಕೆ ಕೆಂಪಾಗುತ್ತದೆ. ತಿಂಗಳಲ್ಲಿ ಮೂರು ಸಲ ಕೆಂಪಾದರೆ ಕೆಲಸ ಹೋಗುತ್ತದೆ. ವೈಜನಾಥ ಅವರಿಗೆ ಅಡ್ಡಾಡದೆ ವಾಕ್ಯ ಹೊಳೆಯುತ್ತಿರಲಿಲ್ಲ. ಕೈಗಡಿಯಾರ ಬಿಚ್ಚಿ ಮೌಸಿನ ಕೆಳಗಿಟ್ಟು ಟೆರೇಸಿಗೆ ಹೋಗುತ್ತಿದ್ದರು. ಸೆಕೆಂಡಿನ ಮುಳ್ಳು ತಿರುಗಿದಂತೆ ಪರದೆಯ ಬಾಣ ಅಲ್ಲಾಡಿ, ಚುಕ್ಕೆ ಹಸಿರಾಗೇ ಇರುತ್ತಿತ್ತು. ಕೂತಾಗ ಪ್ರತಿ ವಾಕ್ಯವನ್ನೂ ಗುನುಗುತ್ತ ಟೈಪು ಮಾಡುತ್ತಿದ್ದರು. ದಿನವಿಡೀ ನನ್ನ ಕಿವಿಗೆ ಬೀಳುತ್ತಿದ್ದ ಕನ್ನಡ ಹೆಚ್ಚಾಗಿ ಅದೇ.

ನಿನ್ನೆ 18-11-2025ರಂದು ಮಧ್ಯಾಹ್ನ 1.20ಕ್ಕೆ ವೈಜನಾಥ ಅವರು ಹಲಗೆಯ ಮೇಲಿಂದ ಬಗ್ಗಿ, ಏನವ್ವಾ ಎಂ.ಎ., ಈ ವಾಕ್ಯಕ್ಕ ಉಸಿರು ಕಟ್ಟಾಕತ್ತೈತಿ, ಗಾಳಿ ಹಾಕಿಸ್ಕೊಂಡ್ ಬರ್ತೀನಿ ಎಂದು ಹೇಳಿ ಹೋದರು. ನಾನು ನಕ್ಕೆ.

2 ಗಂಟೆಯಾದರೂ ಗುನುಗು ಕೇಳಲಿಲ್ಲ. ಊಟ ಆಯಿತೇ ಸರ್ ಎಂದು ಮೆಸೇಜು ಕಳಿಸಿದೆ. ಉತ್ತರ ಬರಲಿಲ್ಲ. 3ಕ್ಕೆ ಟೀಮ್ ಲೀಡರ್ ಶಾಂತಕುಮಾರ ಅವರಿಗೆ ಕುರ್ಚಿ ಖಾಲಿ ಇದೆ ಎಂದೆ. ಅವರು ತಮ್ಮ ಪರದೆ ನೋಡಿ, ಚುಕ್ಕಿ ಹಸಿರೈತಲ್ಲ, ಎಲ್ಲಿ ಹೋಗ್ಯಾರ, ಬಾಜೂಕಿನವರನ್ನ ಬಿಟ್ಟು ನಿನ್ನ ಚುಕ್ಕಿ ನೋಡ್ಕೋ ಎಂದರು. ಗಡಿಯಾರದ ವಿಷಯ ಹೇಳಿದರೆ ವೈಜನಾಥ ಅವರ ನೌಕರಿ ಹೋಗುತ್ತಿತ್ತು. ಹೇಳಲಿಲ್ಲ. ಈ ತಿಂಗಳು ನನ್ನ ಚುಕ್ಕೆ ಆಗಲೇ ಎರಡು ಸಲ ಕೆಂಪಾಗಿತ್ತು.

3.40ಕ್ಕೆ ನಾನೇ ಎದ್ದು ಹೋದೆ. ಟೆರೇಸಿನ ಬಾಗಿಲಿಗೆ ಮೂರು ಮೆಟ್ಟಿಲು ಕೆಳಗೆ ಅವರು ಬಿದ್ದಿದ್ದರು. ಕಣ್ಣು ತೆರೆದಿತ್ತು, ಮಾತಿರಲಿಲ್ಲ. ಎಡಗೈಯಿಂದ ನನ್ನ ಬೆರಳು ಹಿಡಿದುಕೊಂಡರು. ಸಿಕಂದರಾಬಾದಿನ ಆಸ್ಪತ್ರೆಯಲ್ಲಿ ವೈದ್ಯರು, ಪಾರ್ಶ್ವವಾಯು ಆಗಿದೆ, ಹೊತ್ತು ನೋಡಿ ಔಷಧ ಕೊಡಬೇಕು, ಇವರು ಯಾವಾಗ ಬಿದ್ದರು ಎಂದು ಕೇಳಿದಾಗ ಶಾಂತಕುಮಾರ ಅವರು, ಈಗಷ್ಟೇ, ಅಲ್ಲಿಯವರೆಗೂ ಕೆಲಸದಲ್ಲಿದ್ದರು ಎಂದರು. 1.20ರಿಂದ ಅವರು ಸೀಟಿನಲ್ಲಿರಲಿಲ್ಲವೆಂದು ನಾನು ಹೇಳಿದೆ.

ಸಂಜೆ 6ಕ್ಕೆ ಕಚೇರಿಗೆ ಮರಳಿದಾಗ ವೈಜನಾಥ ಅವರ ಚುಕ್ಕೆ ಇನ್ನೂ ಹಸಿರಾಗೇ ಇತ್ತು. ಶಾಂತಕುಮಾರ ಅವರು ಬಂದು ಮೌಸು ಎತ್ತಿ ನೋಡಿ, ಗಡಿಯಾರ ತೆಗೆದ್ಬಿಡು, ಮೂರೂವರೆ ತನಕ ಇಲ್ಲೇ ಇದ್ರು ಅನ್ನು, ನಿನ್ನ ನೌಕರಿಗೂ ಚಲೋ ಎಂದರು. ಗಡಿಯಾರ ತೆಗೆದು ನನ್ನ ಬ್ಯಾಗಿನಲ್ಲಿಟ್ಟುಕೊಂಡೆ. ಅದನ್ನು ಈ ಹೇಳಿಕೆಯ ಜೊತೆ ಒಪ್ಪಿಸಿದ್ದೇನೆ. ತೆಗೆದ ನಾಲ್ಕು ನಿಮಿಷಕ್ಕೆ ಚುಕ್ಕೆ ಕೆಂಪಾಯಿತು. ಖಾಲಿ ಕುರ್ಚಿಯ ಮುಂದಿನ ಪರದೆಯಲ್ಲಿ, ವೈಜನಾಥ, ನೀವು ಎಲ್ಲಿದ್ದೀರಿ ಎಂದು ಬಂತು. ಆ ದಿನ ಕಚೇರಿ ಅವರನ್ನು ಕೇಳಿದ್ದು ಅದೇ ಮೊದಲು.

ಇದು ನಾನು ಕಂಡು, ಕೇಳಿ, ನನ್ನ ಕೈಯಾರೆ ಬರೆದ ನಿಜ. ಯಾರ ಒತ್ತಾಯವೂ ಇಲ್ಲ.

ಸ್ಥಳ: ಹೈದರಾಬಾದ್
ದಿನಾಂಕ: 19-11-2025
ಸಹಿ: ಸ್ನೇಹಲತಾ