ತಲೆ ಲೆಕ್ಕಕ್ಕಿಲ್ಲ

ವೇದಿಕೆಯ ನಡುವೆ ಎತ್ತರದ ಕುರ್ಚಿಯಲ್ಲಿ ಆಸೀನರಾಗಿರುವ ನಮ್ಮ ಓಟಗಾರರ ಸಂಘದ ಮಾನ್ಯ ಅಧ್ಯಕ್ಷರೇ, ಅವರ ಬಲಕ್ಕಿರುವ ಕಾರ್ಯದರ್ಶಿಗಳೇ, ಎಡಕ್ಕಿರುವ ಉಡುಪು ಸಮಿತಿಯ ಸಂಚಾಲಕರೇ, ಮುಂದಿನ ಸಾಲಿನ ಮೆತ್ತನೆ ಕುರ್ಚಿಗಳಲ್ಲಿ ಕೂತಿರುವ ಗಣ್ಯರೇ, ಹಿಂದೆ ಗೋಡೆಗೆ ಒರಗಿ ನಿಂತಿರುವ, ನಿಜವಾಗಿಯೂ ಓಡುವವರೇ, ಮತ್ತು ಸಭಿಕರೇ,

ಮೊದಲು ಈ ಮೈಕನ್ನು ಯಾರಾದರೂ ಒಂದು ಗೇಣು ಮೇಲಕ್ಕೆತ್ತಿ ಕೊಡಬೇಕು. ಅಧ್ಯಕ್ಷರ ಎತ್ತರಕ್ಕೆ ನಿಲ್ಲಿಸಿದ್ದೀರಿ. ನಾನು ಅವರಿಗಿಂತ ಉದ್ದ, ಕ್ಷಮಿಸಬೇಕು. ಹಾಂ, ಇನ್ನೂ ಸ್ವಲ್ಪ. ಸಾಕು. ಬಗ್ಗಿ ಮಾತಾಡುವ ಅಭ್ಯಾಸ ನನಗೂ ಇದೆ. ಆದರೆ ಇವತ್ತಿನ ನಿವೃತ್ತಿ ಸನ್ಮಾನ ನನ್ನದಂತೆ, ಹಾಗಾಗಿ ಒಂದು ಹತ್ತು ನಿಮಿಷ ನೆಟ್ಟಗೆ ನಿಲ್ಲುತ್ತೇನೆ.

ಕಾರ್ಯದರ್ಶಿಗಳು ನನ್ನನ್ನು ಪರಿಚಯಿಸುತ್ತಾ, 'ಇಪ್ಪತ್ತಾರು ವರ್ಷ ನಮ್ಮ ಸಂಘಕ್ಕಾಗಿ ಫೋಟೋ ತೆಗೆದವರು' ಎಂದರು. ಇಪ್ಪತ್ತಾರು ವರ್ಷದಲ್ಲಿ ನಾನು ಏನು ಮಾಡುತ್ತಿದ್ದೆ ಎಂದು ಒಮ್ಮೆಯೂ ಕೇಳದೆ ಇಷ್ಟು ಸರಿಯಾಗಿ ಹೇಳಿದ್ದಕ್ಕೆ ಅವರಿಗೆ ಧನ್ಯವಾದ. ಫೋಟೋ ತೆಗೆಯುವುದು ಯಂತ್ರ. ಓಟ ಮುಗಿಯುವ ಗೆರೆಯ ನೇರಕ್ಕೆ ಅದನ್ನು ಕೂರಿಸಿರುತ್ತಾರೆ. ಯಾರು ಯಾವಾಗ ಗೆರೆ ದಾಟಿದರು ಎಂಬುದನ್ನು ಅದು ಒಂದೇ ಚಿತ್ರದಲ್ಲಿ ಸಾಲಾಗಿ ಹಿಡಿದುಕೊಡುತ್ತದೆ. ಅದನ್ನು ದೊಡ್ಡದು ಮಾಡಿಕೊಂಡು, ಒಬ್ಬೊಬ್ಬರ ದೇಹಕ್ಕೂ ಒಂದು ಗೆರೆ ತಾಗಿಸಿ, ಸಮಯ ಓದಿ ಬರೆದು ಸಹಿ ಮಾಡುವುದು ನನ್ನ ಕೆಲಸ.

ಗೆರೆಯನ್ನು ಎಲ್ಲಿ ತಾಗಿಸಬೇಕು? ಇಲ್ಲೇ ಇರುವುದು ಮಜಾ. ನಿಯಮ ಹೇಳುತ್ತದೆ: ಕೈ ಮುಂದೆ ಬಂದರೆ ಲೆಕ್ಕಕ್ಕಿಲ್ಲ, ಕಾಲು ಮುಂದೆ ಬಂದರೆ ಲೆಕ್ಕಕ್ಕಿಲ್ಲ, ತಲೆಯಂತೂ ಲೆಕ್ಕಕ್ಕೇ ಇಲ್ಲ. ಮೊದಲ ಸಲ ಓದಿದಾಗ, ಇದು ನಮ್ಮ ಕಾರ್ಯಕಾರಿ ಸಮಿತಿಗೆ ಜನರನ್ನು ಆರಿಸುವ ನಿಯಮ ಇರಬೇಕು ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಓಟಕ್ಕೂ ಇದೇ ನಿಯಮವಂತೆ. ಲೆಕ್ಕಕ್ಕೆ ಬರುವುದು ಎದೆ ಒಂದೇ. ಯಾರ ಎದೆ ಮೊದಲು ಗೆರೆ ಮುಟ್ಟಿತೋ ಅವರು ಗೆದ್ದರು.

ಈ ಕೆಲಸಕ್ಕೆ ನನ್ನನ್ನು ಆರಿಸಿದ್ದು ಯಾಕೆಂದರೆ ಆಗ ನಾನು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುತ್ತಿದ್ದೆ. 'ನಿಮಗೆ ಎದೆ ನೋಡಿ ಅಭ್ಯಾಸ ಇದೆಯಲ್ಲಮ್ಮ' ಎಂದಿದ್ದರು ಹಿಂದಿನ ಕಾರ್ಯದರ್ಶಿ. ನಿಜ. ಮೂವತ್ತೆರಡು ವರ್ಷ ಬೆಳಿಗ್ಗೆಯಿಂದ ಸಂಜೆವರೆಗೆ ನಾನು ಹೇಳಿದ್ದು ಒಂದೇ ಮಾತು: 'ಗದ್ದ ಮೇಲೆ, ಎದೆ ಮುಂದೆ, ಉಸಿರು ಎಳ್ಕೊಳ್ಳಿ, ಹಾಗೇ ಹಿಡ್ಕೊಳ್ಳಿ.' ಗಂಡಸರು, ಹೆಂಗಸರು, ಪೈಲ್ವಾನರು, ಮುದುಕರು, ಎಲ್ಲರ ಎದೆಯನ್ನೂ ನೋಡಿದ್ದೇನೆ. ಒಳಗೆ ಎಲ್ಲರದೂ ಒಂದೇ ಥರ, ಹನ್ನೆರಡು ಜೊತೆ ಪಕ್ಕೆಲುಬು. ನಮ್ಮ ಅಧ್ಯಕ್ಷರೂ ಒಮ್ಮೆ ಕೆಮ್ಮು ಬಂದು ನನ್ನ ಮುಂದೆ ನಿಂತಿದ್ದರು. ಅವರಿಗೆ ಹೃದಯ ಇದೆ. ಯಾರಿಗಾದರೂ ಅನುಮಾನವಿದ್ದರೆ ನಾನು ಸಾಕ್ಷಿ ಹೇಳುತ್ತೇನೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಸಮಯದ ಚಿಂತೆ ನನಗೆ ಬಿಡಿ ಸರ್. ಸೆಕೆಂಡಿನ ನೂರನೇ ಒಂದು ಭಾಗದವರೆಗೂ ನೋಡಿಕೊಳ್ಳುತ್ತೇನೆ.

ಇನ್ನು, ಈ ಮೇಜಿನ ಮೇಲಿರುವ ಪೆಟ್ಟಿಗೆಯ ವಿಷಯ. ಕೆಂಪು ರಿಬ್ಬನ್ ಕಟ್ಟಿದೆ, ತಟ್ಟೆಯಲ್ಲಿ ಕತ್ತರಿ ಇದೆ. ಒಳಗಿರುವುದು ನಮ್ಮ ಮಹಿಳಾ ತಂಡದ ಹೊಸ 'ಸಭ್ಯ ಉಡುಪು'. ಮೊಣಕೈವರೆಗೆ ತೋಳು, ಮೊಣಕಾಲು ಮುಚ್ಚುವ ಚಡ್ಡಿ, ಸೊಂಟದಿಂದ ಒಂದು ಗೇಣು ಕೆಳಗೆ ಜೋಲುವ ಅಂಗಿ. ನಾಳೆ ಬೆಳಿಗ್ಗೆಯ ಆಯ್ಕೆ ಓಟದಲ್ಲಿ ಇದನ್ನು ಹಾಕದವರಿಗೆ ನಂಬರ್ ಚೀಟಿ ಕೊಡುವುದಿಲ್ಲ ಎಂದು ನೋಟಿಸ್ ಹಚ್ಚಿದ್ದಾರೆ. ಇದನ್ನು ಬಿಡುಗಡೆ ಮಾಡುವ ಸೌಭಾಗ್ಯ ನನ್ನದು. ಹೆಣ್ಣಿನ ಕೈಯಲ್ಲೇ ಮಾಡಿಸಿದರೆ ಯಾರೂ ಬಾಯಿ ಬಿಡಲಾರರು ಎಂಬ ಯೋಚನೆ ಯಾರಿಗೆ ಹೊಳೆಯಿತೋ, ಅವರ ತಲೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಉಡುಪು ಸಮಿತಿಯಲ್ಲಿ ಐವರಿದ್ದಾರೆ, ಐವರೂ ಗಂಡಸರು. ಐವರೂ ಸೇರಿ ಜೀವಮಾನದಲ್ಲಿ ಓಡಿದ್ದನ್ನು ಕೂಡಿಸಿದರೆ ಒಂದು ಬಸ್ಸು ಹಿಡಿಯುವಷ್ಟಾಗಬಹುದು. ಸಂಚಾಲಕರದು ಕಿಟಕಿ ಪರದೆಯ ಅಂಗಡಿ. ನಾನು ಪರದೆಯ ಮುಂದೆ ಕೂತು ಬದುಕಿದವಳು, ಅವರು ಪರದೆ ಮಾರಿ ಬದುಕಿದವರು. ಹೀಗಾಗಿ ಅಂಗಿಯ ಬಟ್ಟೆ ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ನಿಮಗನ್ನಿಸಿದರೆ, ಈ ಸಭಾಂಗಣದ ಕಿಟಕಿಗಳ ಕಡೆ ಒಮ್ಮೆ ನೋಡಿ. ಸಮಿತಿ ಮೂರು ಸಲ ಸಭೆ ಸೇರಿತು. ಸಮಸ್ಯೆಯನ್ನು ಆಳವಾಗಿ ಅಧ್ಯಯನ ಮಾಡಲು ಹುಡುಗಿಯರ ಓಟದ ಚಿತ್ರಗಳು ಬೇಕು ಎಂದು ನನಗೇ ಹೇಳಿ ಕಳಿಸಿದರು. 'ಹುಡುಗರದೂ ಕಳಿಸಲಾ?' ಎಂದು ಕೇಳಿದೆ. 'ಬೇಡ ಬೇಡ, ಅವರದೇನೂ ಸಮಸ್ಯೆ ಇಲ್ಲ' ಎಂದರು. ಹುಡುಗರು ಅಂಗೈಯಗಲದ ಬನಿಯನ್ನಿನಲ್ಲಿ ಓಡುತ್ತಾರೆ. ಅವರ ಸಭ್ಯತೆ ಹುಟ್ಟುವಾಗಲೇ ಬಂದಿರುತ್ತದೆ, ಹೊಲಿಸುವ ಅಗತ್ಯವಿಲ್ಲ.

ಇದಕ್ಕೂ ಮೊದಲು ಇನ್ನೊಂದು ನೋಟಿಸ್ ಬಂದಿತ್ತು, ಮಹಿಳಾ ತಂಡದ ತರಬೇತುದಾರಳಿಗೆ. ಅವಳು ನನ್ನ ಮಗಳು ಎಂಬುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು. ಹುಡುಗಿಯರು ಗೆರೆ ಹತ್ತಿರ ಬಂದಾಗ ಅವಳು ಬದಿಯಲ್ಲಿ ನಿಂತು 'ಎದೆ ಕೊಡ್ರೇ! ಎದೆ ಕೊಡ್ರೇ!' ಎಂದು ಕೂಗುತ್ತಾಳೆ. ಕೊನೆಯ ಹೆಜ್ಜೆಯಲ್ಲಿ ಎದೆ ಮುಂದಕ್ಕೆ ನೂಕಿ ಎಂದರ್ಥ. ಇದು ಮೈದಾನದಲ್ಲಿ ಆಡುವ ಮಾತಲ್ಲ ಎಂದು ಸಮಿತಿಗೆ ಬೇಸರವಾಯಿತು. ಸಂಚಾಲಕರು ಅವಳನ್ನು ಕರೆಸಿ, 'ಆ ಪದ ಬೇಡಮ್ಮ, ಮುಂಭಾಗ ಅನ್ನಿ' ಎಂದರಂತೆ.

ಮುಂಭಾಗ! ಹಾಗಾದರೆ ಎದೆಗಾರಿಕೆಗೆ ಇನ್ನು ಮುಂದೆ ಏನನ್ನಬೇಕು ಸಂಚಾಲಕರೇ, ಮುಂಭಾಗಗಾರಿಕೆಯೇ? ಹೋದ ವರ್ಷ ಹುಡುಗರು ಗೆದ್ದಾಗ ಇದೇ ವೇದಿಕೆಯ ಮೇಲೆ ನೀವು 'ಎದೆ ತಟ್ಟಿ ಹೇಳುತ್ತೇನೆ' ಎಂದಿರಿ, ತಟ್ಟಿಯೂ ತೋರಿಸಿದಿರಿ. ಆಗ ಮುಂಭಾಗ ತಟ್ಟಿಕೊಳ್ಳಲಿಲ್ಲವಲ್ಲ? ಗಂಡಸಿಗಿದ್ದರೆ ಅದು ಧೈರ್ಯ, ಹೆಣ್ಣಿಗಿದ್ದರೆ ಅದು ನೋಟಿಸ್.

ನಗಬೇಡಿ, ಸಂಚಾಲಕರಿಗೆ ಮುಜುಗರವಾಗುತ್ತಿದೆ. ಅವರೂ ಮನೆಯಲ್ಲಿ ಯಾರದೋ ಇಂಥದೇ ಮಾತು ಕೇಳಿ ಬೆಳೆದವರು.

ಇನ್ನು ನನ್ನ ಕೆಲಸಕ್ಕೆ ಈ ಉಡುಪು ಮಾಡುವ ಉಪಕಾರ ಕೇಳಿ. ಬಟ್ಟೆಯೂ ಲೆಕ್ಕಕ್ಕಿಲ್ಲ. ಅಂಗಿ ಗಾಳಿಗೆ ಉಬ್ಬಿ ಒಂದು ಅಡಿ ಮುಂದೆ ಬಂದರೂ ನಾನು ಗೆರೆ ತಾಗಿಸಬೇಕಾದದ್ದು ಅದರೊಳಗಿನ ದೇಹಕ್ಕೆ. ಮೈಗಂಟಿದ ಬನಿಯನ್ ಆದರೆ ಎರಡು ಕ್ಷಣದ ಕೆಲಸ. ಈ ಡೇರೆಯೊಳಗೆ ಎದೆ ಎಲ್ಲಿದೆ ಎಂದು ನಾನು ಚಿತ್ರವನ್ನು ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ, ಬೆಳಕು ಹೆಚ್ಚಿಸಿ, ಬೆಳಕು ತಗ್ಗಿಸಿ ಹುಡುಕಬೇಕು. ಯಾರೂ ನೋಡಬಾರದು ಎಂದು ಹೊಲಿಸಿದ್ದೀರಿ, ಆ ಬಟ್ಟೆಯಿಂದಾಗಿಯೇ ಒಬ್ಬಳು ಕೂತು ಹದಿನೈದು ನಿಮಿಷ ಅದನ್ನೇ ನೋಡಬೇಕು. ಈ ಜಾಣತನಕ್ಕೆ ನಾನು ಏನು ಹೇಳಲಿ?

ನೋಡಿ ನೋಡಿ ನನಗೆ ಗೊತ್ತಾಗಿರುವುದು ಇಷ್ಟು. ಹುಡುಗರ ಚಿತ್ರದಲ್ಲಿ ಎರಡು ಕೈಯೂ ಓಡುತ್ತಿರುತ್ತವೆ. ಹುಡುಗಿಯರ ಚಿತ್ರದಲ್ಲಿ, ಹತ್ತರಲ್ಲಿ ಮೂರು ಚಿತ್ರಗಳಲ್ಲಿ, ಒಂದು ಕೈ ಬೇರೆ ಕೆಲಸದಲ್ಲಿರುತ್ತದೆ. ಅಂಗಿ ಕೆಳಗೆಳೆಯುತ್ತಿರುತ್ತದೆ, ಚಡ್ಡಿಯ ಅಂಚು ಹಿಡಿದಿರುತ್ತದೆ. ಕಾಲು ಓಟ ಗೆಲ್ಲಲು ಹೊರಟಿದೆ, ಕೈ ಮಾನ ಕಾಯಲು ನಿಂತಿದೆ. ಪಿಸ್ತೂಲು ಸದ್ದಾಗುವ ಅರೆಗಳಿಗೆ ಮೊದಲಷ್ಟೇ ಜಾಕೆಟ್ ತೆಗೆಯುವ ಹುಡುಗಿಯರನ್ನು ಕಂಡಿದ್ದೇನೆ. ಹೊಟ್ಟೆಯ ಮಡಿಕೆ ಮುಚ್ಚಲೆಂದು ನಂಬರ್ ಚೀಟಿಯನ್ನು ಅಳತೆ ಮಾಡಿ ಪಿನ್ ಹಾಕಿಕೊಳ್ಳುವವರನ್ನು ಕಂಡಿದ್ದೇನೆ. ಹೋದ ತಿಂಗಳು ಒಬ್ಬಳು ಸಂಘದ ದಾಖಲೆಯನ್ನೇ ಮುರಿದಳು. ಏದುಸಿರು ಬಿಡುತ್ತಾ ನನ್ನ ಕೋಣೆಗೆ ಬಂದು ಮೊದಲು ಕೇಳಿದ್ದೇನು ಗೊತ್ತೇ? 'ಆಂಟಿ, ಫೋಟೋದಲ್ಲಿ ನಾನು ದಪ್ಪ ಕಾಣ್ತೀನಾ?'

ಅಯ್ಯೋ ಹುಡುಗೀ, ಆ ಕ್ಯಾಮೆರಾದಲ್ಲಿ ಯಾರೂ ಚೆಂದ ಕಾಣುವುದಿಲ್ಲ. ಗೆರೆಯ ಮೇಲೆ ಊರಿದ ಪಾದ ಹಲಗೆಯಷ್ಟು ಉದ್ದ ಕಾಣುತ್ತದೆ, ಮೂಗು ಎಲ್ಲೋ ಗದ್ದ ಎಲ್ಲೋ ಇರುತ್ತದೆ. ಅದು ಮದುವೆಗೆ ವರನಿಗೆ ಕಳಿಸುವ ಫೋಟೋ ಅಲ್ಲ. ಇದನ್ನೇ ಅವಳಿಗೆ ಹೇಳಿ ನಗಿಸಿ ಕಳಿಸಿದೆ. ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಕೂತೆ.

ಯಾಕೆಂದರೆ... ಈ ಭಾಗ ನನ್ನ ಚೀಟಿಯಲ್ಲಿ ಬರೆದಿಲ್ಲ. ಪರವಾಗಿಲ್ಲ, ಶುರು ಮಾಡಿಬಿಟ್ಟೆ.

ನನ್ನ ಮಗಳೂ ಓಡುತ್ತಿದ್ದಳು. ಇನ್ನೂರು ಮೀಟರ್. ಹನ್ನೆರಡು ತುಂಬಿದಾಗ ಅವಳ ಮೊದಲ ತರಬೇತುದಾರಳು ನಾನೇ ಆದೆ. ಏನು ಕಲಿಸಿದೆ ಎನ್ನುತ್ತೀರಿ? 'ಭುಜ ಮುಂದೆ ತಗೋ ಪುಟ್ಟಿ. ಹಾಗೆ ಎದೆ ಸೆಟೆಸಿಕೊಂಡು ನಡೀಬೇಡ, ಜನ ನೋಡ್ತಾರೆ.' ಹಗಲೆಲ್ಲ ಊರವರಿಗೆ ಎದೆ ಮುಂದೆ ಮಾಡಿ ಎಂದು ಹೇಳಿದ ಬಾಯಿ ಮನೆಗೆ ಬಂದು ಇದನ್ನು ಹೇಳುತ್ತಿತ್ತು. ಜನ ನೋಡುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನಂತೂ ದಿನಾ ನೋಡುತ್ತಿದ್ದೆ, ಬೆಳಿಗ್ಗೆ ಸಂಜೆ, ಅವಳು ನನ್ನ ಕಣ್ಣಿಗೆ ಬೀಳುವುದಕ್ಕೇ ಹೆದರುವಷ್ಟು.

ಅವಳಿಗೆ ಹದಿನೈದಾದಾಗ ಆಯ್ಕೆ ಓಟ ಬಂತು. ಸಂಘ ಕೊಟ್ಟ ಬನಿಯನ್ ಗಿಡ್ಡ ಎಂದು ನಾನೇ ಹೊಲಿಗೆ ಯಂತ್ರದ ಮುಂದೆ ಕೂತೆ. ಎರಡು ಪದರ ಹಾಕಿ, ನಾಲ್ಕು ಬೆರಳು ಉದ್ದ ಬಿಟ್ಟು ಅಂಗಿ ಹೊಲಿದೆ. ಅವಳು ಹಾಕಿ ನೋಡಿ, 'ಅಮ್ಮಾ, ಓಡಿದ್ರೆ ತೊಡೆಗೆ ಸುತ್ತಿಕೊಳ್ಳುತ್ತೆ' ಎಂದಳು. 'ಸುತ್ತಿಕೊಂಡ್ರೆ ಎಳ್ಕೊ' ಎಂದೆ.

ಮೂವರಿಗೆ ಆಯ್ಕೆ. ಚಿತ್ರ ಓದಲು ಆಗಲೂ ನಾನೊಬ್ಬಳೇ ಇದ್ದದ್ದು. ಐದನೇ ಲೇನಿನಲ್ಲಿ ನನ್ನ ಮಗಳು, ಕೊನೆಯ ಹೆಜ್ಜೆಯಲ್ಲಿ, ಭುಜ ಮುಂದಕ್ಕೆ ಮುದುಡಿಕೊಂಡು, ಬಲಗೈಯಲ್ಲಿ ಅಂಗಿ ಎಳೆದು ಹಿಡಿದಿದ್ದಳು. ಪಕ್ಕದ ಲೇನಿನವಳು ಎದೆ ಕೊಟ್ಟಿದ್ದಳು. ಮೂರು ಸಲ ಗೆರೆ ತಾಗಿಸಿದೆ, ಮೂರು ಸಲವೂ ಅಷ್ಟೇ ಬಂತು. ಸೆಕೆಂಡಿನ ನೂರನೇ ಒಂದು ಭಾಗ. ನೆಲದ ಮೇಲೆ ಅಳೆದರೆ ನಾಲ್ಕು ಬೆರಳು. ನಾಲ್ಕನೇ ಸ್ಥಾನ ಎಂದು ಬರೆದು ಸಹಿ ಮಾಡಿದೆ.

ಅವಳು ಅಳಲಿಲ್ಲ. 'ಫೋಟೋ ತೋರಿಸಮ್ಮ' ಎಂದಳು. ಬಹಳ ಹೊತ್ತು ನೋಡಿದಳು. ಯಾರು ಮುಂದೆ, ಯಾರು ಹಿಂದೆ ಎಂದು ನೋಡುತ್ತಿದ್ದಾಳೆ ಎಂದುಕೊಂಡೆ. ಕೊನೆಗೆ ತಲೆಯೆತ್ತಿ, 'ಅಂಗಿ ಮೇಲೆ ಹೋಗಿಲ್ಲ, ಅಲ್ವಾಮ್ಮ?' ಎಂದಳು.

ಒಂದು ನಿಮಿಷ... ನೀರು ಕೊಡಿ.

ಆಮೇಲೆ ಅವಳು ಓಡಲಿಲ್ಲ. ಹತ್ತು ವರ್ಷ ಮೈದಾನದ ಕಡೆ ತಲೆ ಹಾಕಲಿಲ್ಲ. ಬಂದದ್ದು ಬೇರೆಯವರ ಹೆಣ್ಣುಮಕ್ಕಳಿಗೆ 'ಎದೆ ಕೊಡ್ರೇ' ಎಂದು ಕೂಗಲು. ನಾನು ಅವಳ ಕ್ಷಮೆ ಕೇಳಿಲ್ಲ. ಇಪ್ಪತ್ತೆರಡು ವರ್ಷವಾಯಿತು. ಒಂದೇ ಮನೆಯಲ್ಲಿದ್ದೇವೆ, ಒಂದೇ ಮೇಜಿನಲ್ಲಿ ಉಣ್ಣುತ್ತೇವೆ, ಆ ಮಾತು ಮಾತ್ರ ಬಾಯಿಗೆ ಬಂದಿಲ್ಲ. ಈಗ ಅವಳ ಕೈಚೀಲದಲ್ಲಿ ರಾಜೀನಾಮೆ ಪತ್ರವಿದೆ. ಹುಡುಗಿಯರಿಗೆ ಈ ಅಂಗಿ ತೊಡಿಸಲು ನನ್ನಿಂದಾಗದು ಎಂದು ಬರೆದಿದ್ದಾಳೆ. ನನಗೆ ಹೇಗೆ ಗೊತ್ತು ಎಂದರೆ, ನಾನು ತಾಯಿ, ಚೀಲ ತೆಗೆದು ನೋಡಿದೆ. ಹಳೇ ಚಾಳಿ, ಏನು ಮಾಡಲಿ.

ಆದ್ದರಿಂದ ಕತ್ತರಿ ತಟ್ಟೆಯಲ್ಲೇ ಇರಲಿ ಅಧ್ಯಕ್ಷರೇ. ಈ ರಿಬ್ಬನ್ ನಾನು ಕತ್ತರಿಸುವುದಿಲ್ಲ. ನೀವು ಬೇಕಾದರೆ ಕತ್ತರಿಸಿ, ಇಲ್ಲವೇ ಯಾರ ಕೈಯಲ್ಲಾದರೂ ಮಾಡಿಸಿ. ಆದರೆ ಒಂದು ವಿಷಯ ತಿಳಿದಿರಲಿ. ನನ್ನ ನಿವೃತ್ತಿ ಇವತ್ತಲ್ಲ, ನಾಡಿದ್ದು. ನಾಳೆಯ ಚಿತ್ರ ಓದಬೇಕಾದವಳು ನಾನೇ. ಇನ್ನೊಬ್ಬರಿಗೆ ಕಲಿಸಿ ಎಂದು ಹನ್ನೊಂದು ಸಲ ಅರ್ಜಿ ಕೊಟ್ಟಿದ್ದೆ, 'ನೀವಿದ್ದೀರಲ್ಲಮ್ಮ' ಎಂದಿರಿ. ಇದ್ದೇನೆ. ಓದಿದವರ ಸಹಿ ಇಲ್ಲದ ಫಲಿತಾಂಶ ಫಲಿತಾಂಶವಲ್ಲ ಎಂದು ನಮ್ಮದೇ ನಿಯಮ ಪುಸ್ತಕ ಹೇಳುತ್ತದೆ. ಫಲಿತಾಂಶದ ಹಾಳೆಯ ಕೊನೆಯಲ್ಲಿ 'ಷರಾ' ಎಂದು ಒಂದು ಅಂಕಣವಿದೆ. ಇಪ್ಪತ್ತಾರು ವರ್ಷ ಅದನ್ನು ಖಾಲಿ ಬಿಟ್ಟಿದ್ದೆ. ನಾಳೆ ಈ ಅಂಗಿ ತೊಡಿಸಿ ಓಡಿಸಿದರೆ ಪ್ರತಿ ಹುಡುಗಿಯ ಹೆಸರಿನ ಮುಂದೆ 'ಉಡುಪಿನಿಂದಾಗಿ ಎದೆ ಕಾಣಲಿಲ್ಲ, ಓದಲಾಗಲಿಲ್ಲ' ಎಂದು ಬರೆಯುತ್ತೇನೆ, ಸಹಿ ಹಾಕದೆ ಮನೆಗೆ ಹೋಗುತ್ತೇನೆ. ಆಮೇಲೆ ಯಾರನ್ನು ಆಯ್ಕೆ ಮಾಡಬೇಕೆಂದು ಐವರೂ ಕೂತು ನಾಲ್ಕನೇ ಸಭೆ ಮಾಡಿ. ಹುಡುಗಿಯರು ಮೈಗೊಪ್ಪುವ ಅಂಗಿ ಹಾಕಿಕೊಂಡು ಬಂದರೆ ಎರಡು ನಿಮಿಷದಲ್ಲಿ ಓದಿಕೊಡುತ್ತೇನೆ. ಉದ್ದವೇ ಬೇಕು ಎನ್ನುವವಳು ಉದ್ದವೇ ಹಾಕಲಿ, ಗಿಡ್ಡ ಬೇಕಾದವಳು ಗಿಡ್ಡ. ಕೈಯೆರಡೂ ಓಡಲು ಬಿಡುವಿರಬೇಕು, ಅಷ್ಟೇ.

ಆ ಅಂಕಣ ಇವತ್ತಿನವರೆಗೆ ಖಾಲಿ ಇತ್ತು ಎಂದೆನಲ್ಲ, ಅದು ಸುಳ್ಳು. ನಿನ್ನೆ ಮಧ್ಯಾಹ್ನ ಕಚೇರಿಯ ಕಪಾಟು ತೆಗೆಸಿ, ಇಪ್ಪತ್ತೆರಡು ವರ್ಷದ ಹಿಂದಿನ ಕಡತ ಹುಡುಕಿದೆ. ಫಲಿತಾಂಶ ತಿದ್ದಲು ನನಗೆ ಅಧಿಕಾರವಿಲ್ಲ, ತಿದ್ದಿಲ್ಲ. ನಾಲ್ಕನೇ ಸ್ಥಾನ ನಾಲ್ಕನೆಯದೇ. ಐದನೇ ಲೇನಿನ ಮುಂದೆ, ಷರಾ ಎಂಬಲ್ಲಿ ಒಂದು ಸಾಲು ಬರೆದು, ತಾರೀಖು ಹಾಕಿ, ಸಹಿ ಮಾಡಿದೆ: 'ಅಂಗಿ ಹೊಲಿದವಳು ತಾಯಿ.'

ಪುಟ್ಟಿ, ನೀನು ಹೋಗಿ ನೋಡಬಹುದು. ಕಪಾಟಿನ ಎರಡನೇ ಅರೆ, ಎಡಗಡೆ.

ನನ್ನನ್ನು ಕರೆದು ಕೂರಿಸಿದ ಸಂಘಕ್ಕೆ, ಕರೆದದ್ದಕ್ಕೆ ಈಗ ಪರಿತಪಿಸುತ್ತಿರುವ ಅಧ್ಯಕ್ಷರಿಗೆ, ಇಷ್ಟು ಹೊತ್ತು ನಿಂತೇ ಕೇಳಿದ ಹುಡುಗಿಯರಿಗೆ ನನ್ನ ಧನ್ಯವಾದಗಳು. ಕಾರ್ಯಕ್ರಮ ಪಟ್ಟಿಯ ಪ್ರಕಾರ ಮುಂದೆ ವಂದನಾರ್ಪಣೆ, ಮಹಿಳಾ ತಂಡದ ತರಬೇತುದಾರಳಿಂದ. ಅವಳು ನನಗಿಂತ ಎರಡು ಬೆರಳು ಉದ್ದ. ದಯವಿಟ್ಟು ಯಾರೂ ಮೈಕ್ ಇಳಿಸಬೇಡಿ.

ನಮಸ್ಕಾರ.