ಬಾವುಟದ ಕೋಲಿನ ಚೀಲ

ಅಧ್ಯಕ್ಷತೆ ವಹಿಸಿರುವ ಶ್ರೀಮತಿ ಪೋಸ್ತುಮಾ ಅವರೇ, ನನ್ನ ಗಂಡನ ಸಹೋದ್ಯೋಗಿಗಳೇ, ವಿದ್ಯಾರ್ಥಿಗಳೇ, ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕುಳಿತಿರುವ ನನ್ನ ಮಾವ ಡುರ್ಕ್ ಅವರೇ, ಸಭಿಕರೇ,

ಈ ಅನ್ವಯಿಕ ವಿಜ್ಞಾನಗಳ ವಿದ್ಯಾಲಯದಲ್ಲಿ, ಸಮುದ್ರಕ್ಕೆ ಒಡ್ಡು ಕಟ್ಟುವುದನ್ನು ಕಲಿಸುವ ಪ್ರಯೋಗಶಾಲೆಗೆ ಇಂದು ನನ್ನ ಹೆಸ್ಸೆಲ್‌ನ ಹೆಸರಿಟ್ಟಿದ್ದೀರಿ. ಅವನು ಹೋಗಿ ಒಂದು ವರ್ಷ. ನಾನು ಬೇಕರಿಯಲ್ಲಿ ಬ್ರೆಡ್ ಮಾರುವವಳು. ವಂದನೆ ಹೇಳಿ ಕೂರಬೇಕೆಂದೇ ಬಂದಿದ್ದೆ. ಆದರೆ ನನ್ನ ಮಗ ಯೊರಿಟ್ ಕೋಟು ಬಿಚ್ಚದೆ ಬಾಗಿಲ ಬಳಿ ನಿಂತಿದ್ದಾನೆ. ವಿಶ್ವವಿದ್ಯಾಲಯ ಬಿಟ್ಟು ಇಲ್ಲಿ ಸೇರಲು ಇಂದೇ ಅವನಿಗೆ ಕೊನೆಯ ದಿನ.

ಎರಡಕ್ಕೂ ಏನು ವ್ಯತ್ಯಾಸ? ಹೆಸ್ಸೆಲ್ ಹೇಳುತ್ತಿದ್ದ: "ಅಲ್ಲಿ ಒಡ್ಡು ಯಾಕೆ ನಿಲ್ಲುತ್ತೆ ಅಂತ ಕೇಳ್ತಾರೆ. ಇಲ್ಲಿ ಚಳಿಗಾಲದೊಳಗೆ ನಿಲ್ಲಿಸು ಅಂತಾರೆ, ಅಷ್ಟೇ." ನೀವು ನಗುತ್ತೀರಿ. ಅವನೂ ನಗುತ್ತಿದ್ದ, ನಿಮ್ಮೆದುರು. ಮನೆಯಲ್ಲಿ ನಗುತ್ತಿರಲಿಲ್ಲ.

ಕಳೆದ ಜೂನ್‌ನಲ್ಲಿ ಶಾಲೆಯಿಂದ ಫೋನ್ ಬಂತು, ಯೊರಿಟ್ ಪಾಸು, ವಿಶ್ವವಿದ್ಯಾಲಯದ ಬಾಗಿಲು ತೆರೆಯಿತು. ಮಕ್ಕಳು ಪಾಸಾದ ಎಲ್ಲರ ಮನೆಯಂತೆ ನಮ್ಮಲ್ಲೂ ಬಾವುಟ ಏರಿಸಿ, ಕೋಲಿನ ತುದಿಗೆ ಹುಡುಗನ ಶಾಲೆಯ ಚೀಲ ಕಟ್ಟಿದೆವು. ಏಣಿಯ ಮೇಲೆ ಹೆಸ್ಸೆಲ್ ಕಣ್ಣೊರೆಸಿಕೊಂಡ. "ಇನ್ಮೇಲೆ ನನ್ ಮಗನ್ನ ಯಾರೂ ಕೆಳಗಿನ ಮೆಟ್ಟಿಲೋನು ಅನ್ನಲ್ಲ, ಔಕ್ಯೆ," ಎಂದು ನನ್ನ ಹೆಸರು ಹಿಡಿದು ಹೇಳಿದ. ವಿಶ್ವವಿದ್ಯಾಲಯ ಮೇಲು, ಈ ವಿದ್ಯಾಲಯ ಕೆಳಗಿನ ಮೆಟ್ಟಿಲು ಎಂಬ ಊರ ಮಾತನ್ನು ಇಲ್ಲಿ ಹೇಳಬಾರದಿತ್ತೇನೋ. ಶ್ರೀಮತಿ ಪೋಸ್ತುಮಾ ಅವರು ಕ್ಷಮಿಸಬೇಕು.

ಅದೇ ವಾರ ಹೆಸ್ಸೆಲ್‌ನ ಎದೆಬಡಿತ ನಿಂತಿತು. ಪಕ್ಕದ ಮನೆಯವಳು ಬಂದು, "ಬಾವುಟ ಅರ್ಧಕ್ಕಿಳಿಸ್ಬೇಕಲ್ಲ, ಚೀಲ ಬಿಚ್ಲಾ?" ಎಂದಳು. "ಇರ್ಲಿ ಬಿಡೇ," ಎಂದೆ. ಆಮೇಲೆ ಬಾವುಟ ಒಳಗೆ ಬಂತು, ಚೀಲ ಬರಲಿಲ್ಲ. ಕಿಟಕಿಯ ಪರದೆ ಸರಿಸುವುದು ತಡವಾದರೂ ವಿಚಾರಿಸುವ ನಮ್ಮ ಬೀದಿ, ಚಳಿಗಾಲವೆಲ್ಲ ಆ ಚೀಲದ ಬಗ್ಗೆ ತುಟಿ ಬಿಚ್ಚಲಿಲ್ಲ.

ಮೊನ್ನೆ ಊಟದ ಹೊತ್ತಿಗೆ ಯೊರಿಟ್ ಹೇಳಿದ: "ಅಮ್ಮ, ಲೆಕ್ಕ ಎಲ್ಲಾ ಬರುತ್ತೆ. ಆದ್ರೆ ಇಡೀ ವರ್ಷ ಒಂದು ಹಿಡಿ ಜೇಡಿಮಣ್ಣು ಮುಟ್ಟಿಲ್ಲ. ಅಪ್ಪ ಕಲಿಸ್ತಿದ್ದ ಕಡೆ ಸೇರ್ತೀನಿ."

ಮಾವನವರು ಚಮಚ ಕೆಳಗಿಟ್ಟರು. "ಹತ್ತಿದೋನು ಇಳೀತಾನೇನೋ? ಏಣಿ ಹತ್ತಿ ಅತ್ತೋನು ನಿಮ್ಮಪ್ಪ, ಗ್ಯಾಪಕ ಇಟ್ಕೋ."

ಹುಡುಗ ಅರ್ಧ ಊಟಕ್ಕೇ ಎದ್ದು ಹೋದ.

ಹೆಸ್ಸೆಲ್‌ಗೆ ಏನು ಬೇಕಾಗಿತ್ತು? ಅವನ ಬಾಯಿ ಹೇಳಿದ್ದು ನನಗೆ ಗೊತ್ತು. ಆದರೆ ನಾನು ಇನ್ನೊಂದನ್ನೂ ಕೇಳಿದವಳು. ವಿಶ್ವವಿದ್ಯಾಲಯದ ಸಭೆಗೆ ಹೋದ ದಿನ ಅವನು ಸೈಕಲ್ಲನ್ನು ಸದ್ದಿಲ್ಲದೆ ಗೋಡೆಗೆ ಒರಗಿಸುತ್ತಿದ್ದ. ಇಲ್ಲಿಂದ ಬಂದ ದಿನ ಕೂದಲಲ್ಲಿ ಕೆಸರು, ಬೀದಿಯ ತಿರುವಿನಿಂದಲೇ ಸಿಳ್ಳೆ. ಆ ಸಿಳ್ಳೆ ಕೇಳಿ ನಾನು ಆಲೂಗಡ್ಡೆ ಒಲೆಗಿಡುತ್ತಿದ್ದೆ. ಮಾವನವರೇ, ನಾನು ಆ ಸಿಳ್ಳೆಯನ್ನು ನಂಬುತ್ತೇನೆ.

ಇಂದು ಬೆಳಿಗ್ಗೆ ಏಣಿ ಹತ್ತಿ ಚೀಲ ಬಿಚ್ಚಿದೆ. ಇಲ್ಲೇ ನನ್ನ ಕಾಲ ಬಳಿ ಇದೆ. ಬಣ್ಣ ಹೋಗಿದೆ, ಹೊಲಿಗೆ ಗಟ್ಟಿಯಿದೆ.

ಯೊರಿಟ್, ದಾಖಲಾತಿಯ ಕೋಣೆ ಈ ವೇದಿಕೆಯ ಪಕ್ಕದಲ್ಲೇ ಇದೆ. ಹೋಗುವಾಗ ಇದನ್ನು ಹೆಗಲಿಗೆ ಹಾಕಿಕೊಂಡು ಹೋಗು. ಸಭಿಕರೇ, ನನ್ನ ಗಂಡನನ್ನು ನೆನೆದದ್ದಕ್ಕೆ ನಿಮಗೆಲ್ಲ ವಂದನೆಗಳು. ಮಾವನವರೇ, ಹುಡುಗ ನಿಮ್ಮ ಮುಂದೆಯೇ ಹಾದುಹೋಗಬೇಕು, ಕಾಲನ್ನು ಸ್ವಲ್ಪ ಒಳಗೆಳೆದುಕೊಳ್ಳಿ.

ನಮಸ್ಕಾರ.